ಮೂರು ನಿಮಿಷ, ಇನ್ನೂರ ನಲವತ್ತು ದಿನ

ಜನವರಿ 22, ಬೆಳಿಗ್ಗೆ 5.40

ಬಾಯ್ಲರ್‌ಗೆ ಕಲ್ಲಿದ್ದಲು ಹಾಕಿದೆ, ಶಾಲೆ ಬೆಚ್ಚಗಿರಲಿ ಅಂತ. ಎರಡೇ ಕಡ್ಡಿಗೆ ಹೊತ್ತಿಕೊಂಡಳು. ಇಡೀ ಪೆನ್ಸಿಲ್ವೇನಿಯಾದಲ್ಲಿ ಈ ಮುದುಕಿಯನ್ನು ಪಳಗಿಸಿದ ಗಂಡು ನಾನೊಬ್ಬನೇ, ಡೆಲ್ಬರ್ಟ್ ಹ್ರುಸ್ಕಾ. ಮೂವತ್ತೊಂದು ವರ್ಷದಿಂದ ಈ ಶಾಲೆಯ ಜಾನಿಟರ್, ಗುಡಿಸಿ ಒರೆಸಿ ಬೆಂಕಿ ಹಾಕುವವನು. ಒಂದು ದಿನವೂ ಕಾಯಿಲೆ ರಜೆ ಹಾಕಿದವನಲ್ಲ. 240 ದಿನ ಕೂಡಿಬಿದ್ದಿವೆ. ಓದಿದ್ದು ಎಂಟನೇ ಕ್ಲಾಸು, ಆದರೇನು!

ಮುಷ್ಕರದ ಒಂಬತ್ತನೇ ದಿನ. ಮೇಷ್ಟ್ರುಗಳೆಲ್ಲ ಗೇಟಿನ ಹೊರಗೆ. ಒಳಗೆ ನಾನು, ಬಾಯ್ಲರ್, ನಾಲ್ಕನೇ ಕ್ಲಾಸಿನ ಮಕ್ಕಳು ಸಾಕಿದ ಆಮೆ. ನಮ್ಮದು ಬೇರೆ ಯೂನಿಯನ್, ಕೆಲಸ ನಿಲ್ಲಿಸುವ ಹಾಗಿಲ್ಲ. ಬಾಯ್ಲರ್ ಆರಿ ಪೈಪಿನ ನೀರು ಹೆಪ್ಪುಗಟ್ಟಿದರೆ ಶಾಲೆಯೇ ಒಡೆದುಹೋಗುತ್ತೆ. ದಿನಾ ಅವರ ಸಾಲು ದಾಟಿಯೇ ಬರಬೇಕು; ದಾಟಿದವನು ಅವರ ಕಣ್ಣಿಗೆ ದ್ರೋಹಿ.

ನೋರೀನ್ ಇವತ್ತೂ ಮುಖ ತಿರುಗಿಸಿದಳು. ಅಕ್ಕನ ಮಗಳು. ನಾಲ್ಕನೇ ಕ್ಲಾಸಿನ ಟೀಚರು. ನನ್ನವರು ಅಂತ ಉಳಿದಿರುವುದು ಅವಳೊಬ್ಬಳೇ.

ಜನವರಿ 24

ಗೇಟಿನಲ್ಲಿ ನಿಂತು ನೋರೀನಳನ್ನು ಕೆಣಕಿದೆ. "ಏನಮ್ಮಾ, ನಿನ್ನ ಆಮೆ ನಿನಗಿಂತ ಚೆನ್ನಾಗಿ ಮಾತಾಡುತ್ತೆ."

"ಅದಕ್ಕೆ ಬೇರೆ ಗತಿ ಇಲ್ಲ ಮಾವ. ನಿನ್ನ ಜೊತೆ ಒಳಗೆ ಸಿಕ್ಕಿಹಾಕ್ಕೊಂಡಿದೆ."

ಸಾಲೆಲ್ಲ ನಕ್ಕಿತು. ನಾನೂ ನಕ್ಕೆ. ಒಳಗೆ ಹೋಗಿ ಒಂದೇ ಕಾರಿಡಾರನ್ನು ಎರಡು ಸಲ ಒರೆಸಿದೆ.

ಮಾರ್ಚಿನಲ್ಲಿ ಅವಳಿಗೆ ಕಿಡ್ನಿ ಆಪರೇಷನ್. ಆರು ವಾರ ಮಲಗಬೇಕು. ಅವಳ ರಜೆ ಎಲ್ಲ ಆಸ್ಪತ್ರೆ ತಿರುಗಾಟಕ್ಕೇ ಮುಗಿದಿದೆ. ಮೇಷ್ಟ್ರುಗಳದ್ದೊಂದು ಹುಂಡಿ ಉಂಟು — ವರ್ಷಕ್ಕೆ ಒಬ್ಬೊಬ್ಬರೂ ತಮ್ಮ ಒಂದು ದಿನದ ರಜೆ ಅದಕ್ಕೆ ಹಾಕುತ್ತಾರೆ, ಕಾಯಿಲೆ ಬಿದ್ದವರು ತೆಗೆದುಕೊಳ್ಳುತ್ತಾರೆ. ಶಾಲಾ ಮಂಡಳಿ ಸಂಬಳದ ಜೊತೆಗೆ ಆ ಹುಂಡಿಗೂ ಕೈ ಹಾಕಿದೆ, ಮುಚ್ಚಬೇಕಂತೆ; ಮುಷ್ಕರ ಅದಕ್ಕೇ. ಮುಚ್ಚಿದರೆ ಆ ಆರು ವಾರ ಅವಳಿಗೆ ಸಂಬಳ ಇಲ್ಲ, ಸಂಬಳ ಇಲ್ಲದಿದ್ದರೆ ವಿಮೆ ಇಲ್ಲ. ವಿಮೆ ಇಲ್ಲದೆ ಆಪರೇಷನ್ನೇ ಇಲ್ಲ.

ನನ್ನ 240 ಸುಮ್ಮನೆ ಕೊಳೆಯುತ್ತಿವೆ. ಜಾನಿಟರ್ ರಜೆ ಹುಂಡಿಗೆ ಹಾಕುವಂತಿಲ್ಲ. ನಿಯಮ!

ಜನವರಿ 28

ನಾಳೆ ಮಂಡಳಿ ಸಭೆ. ಊರಿನ ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು. ಹೆಸರು ಕೊಟ್ಟೆ. ಹುಂಡಿ ಮುಚ್ಚಬೇಡಿ, ನನ್ನ ದಿನಗಳನ್ನೂ ಹಾಕಿಕೊಳ್ಳಿ, ನೋರೀನಳಿಗೆ ಕೊಡಿ — ಇಷ್ಟೇ ವಿಷಯ. ಕ್ಷೌರದಂಗಡಿಯಲ್ಲಿ ಸಾರಿಬಂದೆ, "ನಾಳೆ ಬನ್ರೋ, ಅಧ್ಯಕ್ಷನ ಬೆವರಿಳಿಸ್ತೀನಿ!"

ಟೈ ಇಸ್ತ್ರಿ ಮಾಡಿದೆ.

ಜನವರಿ 29

ಬರೆಯಲು ಮನಸ್ಸಿಲ್ಲ.

ಫೆಬ್ರವರಿ 2

ಬರೆದುಬಿಡುತ್ತೇನೆ. ಸಭೇಲಿ ಮೈಕು ಹಿಡಿದೆ. ಹಾಳಾದ್ದು, ನನ್ನ ಮೂವತ್ತೊಂದು ವರ್ಷದ ಕಥೆಯಿಂದ ಶುರು ಮಾಡಿದೆ. ಆ ದೊಡ್ಡ ಹಿಮ ಬಿದ್ದ ವರ್ಷ ಬಾಯ್ಲರ್ ಪಕ್ಕ ಮೂರು ದಿನ ಮಲಗಿದ್ದು... ಜನ ನಕ್ಕರು. ನಕ್ಕರೆ ನಾನು ಬಿಡುವವನೇ? ಇನ್ನಷ್ಟು ಬಿಟ್ಟೆ. ಟಿಂಗ್ ಅಂತು ಗಂಟೆ.

"ಥ್ಯಾಂಕ್ಯೂ, ಮಿಸ್ಟರ್ ಹ್ರುಸ್ಕಾ. ಮುಂದಿನವರು" ಅಂದ ಅಧ್ಯಕ್ಷ.

"ಸ್ವಾಮಿ, ವಿಷಯ ಈಗ ಬರ್ತಾ ಇದೆ—"

"ಸಮಯ ಮುಗೀತು."

ನೋರೀನ್ ಮೂರನೇ ಸಾಲಿನಲ್ಲಿದ್ದಳು. ಸಿಟ್ಟಿರಲಿಲ್ಲ. ಬೂಟಿನ ತುದಿ ನೋಡುತ್ತಿದ್ದಳು. ಅವಳ ಹೆಸರು ನನ್ನ ಬಾಯಿಂದ ಹೊರಗೇ ಬಿದ್ದಿರಲಿಲ್ಲ.

ಫೆಬ್ರವರಿ 7

ಕೊರೆಯುವ ಚಳಿ. ಜೀವಮಾನದಲ್ಲಿ ಮೊದಲ ಸಲ ಫೋನ್ ಮಾಡಿ ಕಾಯಿಲೆ ಅಂದೆ. "ಏನಾಗಿದೆ?" ಅಂದಳು ಆಫೀಸಿನ ವಾಂಡಾ. "ಎಲ್ಲಾ ಆಗಿದೆ" ಅಂದೆ.

ಸೀದಾ ಗೇಟಿಗೆ ಹೋದೆ. ಬೆಂಕಿ ಹಾಕಿದ ಡ್ರಮ್ಮಿನ ಪಕ್ಕ ಜಾಗ ಬಿಟ್ಟರು. "ನೋಡ್ತಾ ಇರಿ, ನಾನಿಲ್ಲದೆ ಆ ಬಾಯ್ಲರ್ ಮುದುಕಿ ಹೊತ್ತಿಕೊಳ್ಳಲ್ಲ. ಮಧ್ಯಾಹ್ನಕ್ಕೆ ಮಂಡಳಿ ನನ್ನ ಕಾಲಿಗೆ ಬೀಳುತ್ತೆ, ಹುಂಡಿನೂ ಉಳಿಯುತ್ತೆ" ಅಂದೆ.

ಎಂಟೂಕಾಲಿಗೆ ಚಿಮಣಿಯಲ್ಲಿ ಹೊಗೆ. ಪಕ್ಕದ ಊರಿನ ಶಾಲೆಯಿಂದ ಯಾರೋ ಹೆಂಗಸನ್ನು ಕರೆಸಿದ್ದರಂತೆ. ನನ್ನ ಕೋಳಿ ಕೂಗದಿದ್ದರೂ ಬೆಳಗಾಯಿತು. ಎಲ್ಲರೂ ನೋಡಿದರು, ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ನೋರೀನ್ ತನ್ನ ಸ್ಯಾಂಡ್‌ವಿಚ್ ಮುರಿದು ಅರ್ಧ ಚಾಚಿದಳು, ನನ್ನ ಕಡೆ ನೋಡದೆ. "ದಾಖಲೆ ಮುರೀತಲ್ಲ ಮಾವ."

"ಇನ್ನೂ 239 ಇದೆ. ಸಭೇಲಿ ಅದನ್ನೇ, ನಿನಗೆ..."

"ಏನು?"

"ಇದರೊಳಗಿನ ಸಾಸಿವೆ ಖಾರ" ಅಂದೆ. ಕಣ್ಣೊರೆಸಿಕೊಂಡೆ.

"ಪಾಪ, ಒಳಗೆ ಆಮೆ ಒಂಟಿ ಆಗಿಬಿಡ್ತು."

"ನನ್ನ ಅಡಿಗೆಮನೇಲಿದೆ. ನಿನ್ನೆನೇ ಕದ್ದೆ."

ಮುಷ್ಕರ ಶುರುವಾದ ಮೇಲೆ ಈಗ ನಕ್ಕಳು, ಹುಡುಗಿ.

ಫೆಬ್ರವರಿ 9, ಭಾನುವಾರ

ನಾಳೆ ಸಂಜೆ ಹುಂಡಿಯ ಮೇಲೆ ಮಂಡಳಿಯ ಕೊನೆಯ ಮತ. ಮತ್ತೆ ಹೆಸರು ಕೊಟ್ಟಿದ್ದೇನೆ. ವಾಂಡಾ ಹುಬ್ಬೇರಿಸಿದಳು, ಬರೆದುಕೊಂಡಳು.

ಮೊಟ್ಟೆ ಬೇಯಿಸುವ ಗಡಿಯಾರ ಮೂರು ನಿಮಿಷಕ್ಕೆ ತಿರುಗಿಸಿಟ್ಟೆ. ಸಭಿಕರು: ಆಮೆ. ಮೊದಲ ಸಲ ಹಿಮದ ಕಥೆಯಲ್ಲೇ ಗಂಟೆ. ಎರಡನೇ ಸಲ ಹಿಮ ಬಿಟ್ಟೆ, ಬಾಯ್ಲರ್ ನುಗ್ಗಿತು. ಮೂರನೇ ಸಲ ಸೀದಾ "ನೋರೀನ್ ನನ್ನ ಅಕ್ಕನ ಮಗಳು" ಅಂದೆ. ಆಮೇಲೆ ಗಂಟೆ ಹೊಡೆಯುವವರೆಗೂ ಒಂದು ಮಾತೂ ಬರಲಿಲ್ಲ. ನನಗೆ! ಮಾತು!

ಬರೆದುಕೊಂಡು ಓದುವುದೇ ಸರಿ.

ನೋರೀನ್ ನನ್ನ ಅಕ್ಕನ ಮಗಳು. ನನ್ನ ಹತ್ತಿರ 239 ದಿನ ಇವೆ. ಅವಳನ್ನು ಬಿಟ್ಟರೆ ನನಗೆ...