ನಿನ್ನದಲ್ಲದ ತೋಟಕ್ಕೆ ನೀನು ಬರೆದ ವಿಲ್ಲು

ಮಾತು ಬಿಟ್ಟೇ ಹೊರಟುಹೋದ ನನ್ನ ಸೋದರಮಾವನ ಪಾದಕ್ಕೆ,

ಕೋಪ ಇನ್ನೂ ಇದ್ದರೆ ಇರಲಿ ಮಾವ, ಓದಿ ಮುಗಿಸಿಯೇ ಬೈ. ಈ ಅಳಿಯ ನಿನ್ನ ಕೈಗೆಟುಕುವ ದೂರದಲ್ಲಿಲ್ಲ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಕೆ.ಆರ್. ಪೇಟೆಯ ನೋಂದಣಿ ಕಚೇರಿಗೆ ಹೋದ ದಿನ ನೆನಪಿದೆಯಾ? ನೀನು ಇಸ್ತ್ರಿ ಪಂಚೆ ಉಟ್ಟು ಮದುಮಗನ ಹಾಗೆ ಬಂದಿದ್ದೆ. ಅಕ್ಕಿಹೆಬ್ಬಾಳಿನ ತೆಂಗಿನ ತೋಟವನ್ನು, ನೀನೇ ದುಡಿದು ಕೊಂಡದ್ದನ್ನು, ತಾಯಿಯಿಲ್ಲದ ಮಗಳು ಜಯಕ್ಕನಿಗಾಗಿ ಒಂದು ಟ್ರಸ್ಟ್ ಮಾಡಿ ಅದರ ಹೆಸರಿಗೆ ಬರೆದೆ. ನಲವತ್ತಾದರೂ ಮಗುವಿನ ಬುದ್ಧಿ ಅವಳದು. ಯಾರು ಕಾಗದ ಹಿಡಿದು "ಇಲ್ಲೊತ್ತವ್ವ" ಎಂದರೂ ನಗುತ್ತ ಹೆಬ್ಬೆಟ್ಟು ಒತ್ತುವವಳು. ನೋಡಿಕೊಳ್ಳುವ ಟ್ರಸ್ಟಿ ನಾನು. ಪತ್ರ ಸಿದ್ಧಪಡಿಸಿದ್ದ ವಕೀಲರು ಮೂರು ಸಲ ಕೇಳಿದರು: "ಯಜಮಾನ್ರೇ, ವಿಲ್ ಆದ್ರೆ ಯಾವಾಗ ಬೇಕಾದ್ರೂ ಬದಲಾಯಿಸಬಹುದು. ಇದನ್ನ ನೀವೇ ಕೇಳಿದ್ರೂ ವಾಪಸ್ ತಗೊಳ್ಳೋಕಾಗಲ್ಲ. ಆಗಬಹುದಾ?"

"ಅದುಕ್ಕೇ ಬಂದಿರೋದು ಸಾಮಿ. ನನ್ ಮ್ಯಾಲೆ ನಂಗೇ ನಂಬ್ಕೆ ಇಲ್ಲ. ಯಾರಾರ ಎಲ್ಡ್ ಸಲ ಕಣ್ಣೀರಾಕುದ್ರೆ ಕೊಟ್ಬುಡ್ತೀನಿ."

ಸುಳ್ಳೇನಲ್ಲ. ಒಂದೇ ಕಡಸನ್ನು ಇಬ್ಬರಿಗೆ ಕೊಡುತ್ತೇನೆಂದು ಮಾತು ಕೊಟ್ಟು, ಇಬ್ಬರೂ ಒಂದೇ ದಿನ ಹಗ್ಗ ಹಿಡಿದು ಬಂದಾಗ ಹುಲ್ಲಿನ ಮೆದೆ ಹಿಂದೆ ಅಡಗಿ ಕೂತ ಮಹಾಪುರುಷ ನೀನು.

ವರ್ಷ ತುಂಬುವ ಮುಂಚೆಯೇ ನಮ್ಮ ಮನೆಗೆ ಬಂದೆ. ನಿನ್ನ ತಮ್ಮನ ಮಗ ಶಿವಣ್ಣ ತೋಟ ತನಗೆ ಬೇಕೆಂದು ಅತ್ತಿದ್ದನಂತೆ.

"ಆ ಪತ್ರ ಹರ್ದಾಕ್ಬುಡ್ಲಾ."

"ಆಗಕ್ಕಿಲ್ಲ ಮಾವ."

"ನನ್ ತೋಟ ನಂಗೇ ಇಲ್ವೇನ್ಲಾ?"

"ಇಲ್ಲ. ನೀನೇ ಅಂಗೆ ಬರ್ಸಿದ್ದು."

ನಮ್ಮವಳು ಬಡಿಸಿದ ಮುದ್ದೆಯನ್ನೂ ಮುರಿಯದೆ ನೀನು ಎದ್ದುಹೋದೆ. ಆಮೇಲೆ ಎದುರಿಗೆ ಸಿಕ್ಕರೂ ಮುಖ ತಿರುಗಿಸಿದೆ. ನಾನೇ ತಪ್ಪು ಮಾಡಿದೆನಾ? ಕಣ್ಣು ಮುಚ್ಚುವ ಮೊದಲು ಒಂದೇ ಒಂದು ಸಲ "ಲೇ" ಅಂದಿದ್ದರೆ...

ನಿನ್ನ ತಿಥಿ ಊಟದ ಎಲೆ ಎತ್ತುವ ಮೊದಲೇ ಶಿವಣ್ಣ ಜೇಬಿನಿಂದ ವಿಲ್ಲು ತೆಗೆದ. ಅದೇ ತೋಟವನ್ನು ಅವನಿಗೂ ಬರೆದುಕೊಟ್ಟಿದ್ದೀಯ! ಜಯಕ್ಕನ ಗತಿ?

ಪಾಂಡವಪುರದಲ್ಲಿದ್ದ ಅದೇ ವಕೀಲರ ಹತ್ತಿರ ಇಬ್ಬರೂ ಹೋದೆವು. ಅವರು ನಿಧಾನವಾಗಿ ಓದಿ ಹೇಳಿದರು: "ವಿಲ್ಲು ಬಹಳ ಚೆನ್ನಾಗಿದೆ. ಸಹಿ ಅವರದ್ದೇ, ಸಾಕ್ಷಿಗಳೂ ಸರಿ. ತೋಟ ಒಂದು ಅವರದ್ದಲ್ಲ."

"ಅವ್ರದ್ದಲ್ದೆ ಇನ್ಯಾರ್ದು ಸಾ?" ಶಿವಣ್ಣ ಎಗರಿದ.

"ಮೊದಲೇ ಟ್ರಸ್ಟ್ ಹೆಸರಿಗೆ ಹೋಗಿದೆ. ತಮ್ಮ ಹತ್ತಿರ ಇಲ್ಲದ್ದನ್ನ ಹೇಗೆ ಕೊಡ್ತಾರೆ?"

"ಅಂಗಾರೆ ಇವ್ನೇ ನುಂಗ್ತಾನೆ ಬುಡಿ," ಎಂದು ನನ್ನ ಕಡೆ ಬೆರಳು ತೋರಿಸಿದ.

"ಪತ್ರದ ಪ್ರಕಾರ ಇವರೂ ಮಾರೋ ಹಾಗಿಲ್ಲ, ಒತ್ತೆ ಇಡೋ ಹಾಗಿಲ್ಲ. ಕಾಯೋದಷ್ಟೇ ಇವರ ಕೆಲಸ. ಫಲವೆಲ್ಲ ಜಯಮ್ಮನದು."

ಹೊರಗೆ ಬಂದು ಎರಡು ಲೋಟ ಕಬ್ಬಿನ ಹಾಲು ಕುಡಿದೆ ಮಾವ. ಎದೆ ಅಷ್ಟು ಹಗುರಾಗಿತ್ತು. ಮುದ್ದೆ ಬಿಟ್ಟು ಎದ್ದುಹೋದ ನಿನ್ನನ್ನು ಸೋಲಿಸಿದವನು ನಾನಲ್ಲ. ಇಸ್ತ್ರಿ ಪಂಚೆ ಉಟ್ಟು ಬಂದಿದ್ದ ನೀನೇ.

ಜಯಕ್ಕ ಈಗ ನಮ್ಮ ಮನೆಯಲ್ಲಿದ್ದಾಳೆ, ಮುಂದೆಯೂ ಇರುತ್ತಾಳೆ. ಮೊನ್ನೆ ಕಾಯಿ ಕೀಳಿಸಲು ಹೊರಟಾಗ ಜೊತೆಗೆ ಬಂದಳು. ಸುಸ್ತಾಗಿ ಒಂದು ಎಳನೀರು ಕೊಚ್ಚಿಸಿ ಬಾಯಿಗಿಟ್ಟೆನೋ ಇಲ್ಲವೋ, ಓಡಿಬಂದು ಕಸಿದುಕೊಂಡಳು.

"ಕೇಳ್ದೆ ಕುಡೀತೀಯೇನ್ಲಾ? ನಂದು ಕಣ್ಲಾ!"

ತಪ್ಪಾಯ್ತಕ್ಕ ಎಂದು ಕೈಮುಗಿದೆ. ಅರ್ಧ ತಾನು ಕುಡಿದು, ಉಳಿದದ್ದನ್ನು ದಯಪಾಲಿಸಿದಳು.