ನಿಲ್ಲಬೇಕಾದ ಯಂತ್ರ

ಚಂದಾಪುರ
೧೮ ಜೂನ್ ೨೦೧೧, ಶನಿವಾರ

ಪರಮಾನಂದ ಅವರಿಗೆ ನಮಸ್ಕಾರ.

ಬಾಗಿಲ ಸಂದಿಯಲ್ಲಿ ಕಾಗದ ಕಂಡು ಗಾಬರಿಯಾಗಬೇಡಿ, ಮನೆಯ ವಿಷಯವಲ್ಲ. ಮೇಲ್ ಮಾಡಿದರೆ ನೀವು ಅಭ್ಯಾಸಬಲದಿಂದ ಇಡೀ ತಂಡಕ್ಕೆ ಉತ್ತರಿಸುತ್ತೀರಿ; ಫೋನ್ ಮಾಡಿದರೆ ಎರಡನೆಯ ಮಾತಿಗೇ ನಾವಿಬ್ಬರೂ ಬೇರೆ ಕಡೆ ಹೊರಳುತ್ತೇವೆ. ನೀವು ಸರ್ಜಾಪುರಕ್ಕೆ ಮನೆ ಬದಲಾಯಿಸಿದ ಮೇಲೆ ನಮ್ಮ ಮಾತೆಲ್ಲ ಆಫೀಸಿನಲ್ಲಿ, ನಾಲ್ಕು ಜನರ ಎದುರಿಗೇ. ಇದೊಂದನ್ನು ನಿಮಗೊಬ್ಬರಿಗೇ ಹೇಳಬೇಕಾಗಿದೆ.

ತಗಡು ಒತ್ತುವ ಪ್ರೆಸ್ಸಿನ ಕಂಟ್ರೋಲರಿನಲ್ಲಿ, ಸೆನ್ಸರನ್ನು ಓದುವ ಡ್ರೈವರ್ ಯಂತ್ರದ ಮೂಲ ಸಾಫ್ಟ್‌ವೇರ್ ಆದ ಕರ್ನಲ್ಲಿನ ಹೊರಗೆ, ಸಾಮಾನ್ಯ ಪ್ರೋಗ್ರಾಮಿನ ಹಾಗೆ ಇರಲಿ ಎಂದು ನೀವು ತೀರ್ಮಾನಿಸಿದ್ದೀರಿ. ಸೋಮವಾರ ಅದು ಅಂತಿಮವಾಗುತ್ತದೆ. ನಿಮಗೆ ಗೊತ್ತಿರುವುದನ್ನೇ ಬಿಡಿಸಿ ಬರೆಯುತ್ತಿದ್ದೇನೆ. ಸಭೆಯಲ್ಲಿ ನನಗೆ ಅರ್ಧ ವಾಕ್ಯಕ್ಕಿಂತ ಹೆಚ್ಚು ಸಿಗಲಿಲ್ಲ.

ಕರ್ನಲ್ಲಿನೊಳಗೆ ತಪ್ಪಾದರೆ ಇಡೀ ಯಂತ್ರವೇ ನಿಲ್ಲುತ್ತದೆ. ಹೊರಗಾದರೆ ಆ ಪ್ರೋಗ್ರಾಂ ಒಂದೇ ಬೀಳುತ್ತದೆ, ಮತ್ತೆ ಎಬ್ಬಿಸಬಹುದು. ಟೀವಿ ಪೆಟ್ಟಿಗೆಗಳಿಗೆ ಕೆಲಸ ಮಾಡುತ್ತಿದ್ದ ಕಾಲದಿಂದ ನಾವಿಬ್ಬರೂ ನಂಬಿಕೊಂಡು ಬಂದದ್ದು ಇದನ್ನೇ: ಏನೇ ಆಗಲಿ, ಯಂತ್ರ ನಿಲ್ಲಬಾರದು. ಜಿಗಣಿಗೆ ಹೋಗುವ ತನಕ ನಾನೂ ಅದನ್ನೇ ಹೇಳುತ್ತಿದ್ದೆ.

ಬುಧವಾರ ಅಲ್ಲಿನ ವರ್ಕ್‌ಶಾಪಿನಲ್ಲಿ ನಮ್ಮ ಕಂಟ್ರೋಲರಿನ ಪರೀಕ್ಷೆ ನಡೆಯುತ್ತಿತ್ತು. ಪ್ರೆಸ್ ನಡೆಸುತ್ತಿದ್ದವಳು ಬಸಕ್ಕ, ಯಾದಗಿರಿ ಕಡೆಯವಳು. ಅಚ್ಚಿನ, ಅಂದರೆ ಡೈಯ, ಹತ್ತಿರ ಕೈ ಬಂದರೆ ಸೆನ್ಸರ್ ಕಂಡು ಪ್ರೆಸ್ಸನ್ನು ತಡೆಯಬೇಕು. ಆದರೆ ಕರ್ನಲ್ಲಿನ ಹೊರಗಿದ್ದ ಸೆನ್ಸರಿನ ಪ್ರೋಗ್ರಾಂ ಯಾವಾಗಲೋ ಸತ್ತಿತ್ತು. ಕರ್ನಲ್ ಏನೂ ಆಗಿಲ್ಲವೆಂಬಂತೆ, ಪ್ರೆಸ್ಸನ್ನು ಇಳಿಸುವ ಕ್ಲಚ್ಚಿಗೆ ‘ಎಲ್ಲ ಸರಿಯಿದೆ’ ಎಂಬ ಮಿಡಿತ ಕಳಿಸುತ್ತಲೇ ಇತ್ತು. ಹಸಿರು ದೀಪವೂ ಉರಿಯುತ್ತಲೇ ಇತ್ತು. ಸಿಕ್ಕಿಕೊಂಡ ತಗಡು ತೆಗೆಯಲು ಬಸಕ್ಕ ಕೈ ಹಾಕಿದಳು. ಪ್ರೆಸ್ ಇಳಿಯಿತು. ಕೈಗವಸಿನ ತುದಿ ಡೈಯಲ್ಲಿ ಉಳಿಯಿತು, ಬೆರಳು ಇಡಿಯಾಗಿ ಹೊರಬಂತು.

ನಾನು ಕಿರುಚಿಕೊಂಡೆನಂತೆ. ಅವಳೇ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. "ನನಗಿಂತ ನೀವ ಅಂಜೀರಲ್ರೀ ಮೇಡಂ! ಮೊದ್ಲ ಇಕ್ಕಳ ಹಿಡೀತಿದ್ದೆ. ಈಗ ನಿಮ್ಮ ಮಷಿನ್ ಅದಲ್ರೀ, ಹಸರ ದೀಪ ಇತ್ತು, ಅದ ನೋಡ್ಕೋತದ ಅಂತ ಕೈ ಹಾಕಿದೆ," ಎಂದು ನಕ್ಕಳು.

ಅವಳ ಕೈಯಿಂದ ಇಕ್ಕಳ ಕೆಳಗಿಡಿಸಿದವರು ನಾವು, ಪರಮಾನಂದ.

ಅದಕ್ಕೇ ಕೇಳುತ್ತಿದ್ದೇನೆ: ಡ್ರೈವರ್ ಕರ್ನಲ್ಲಿನೊಳಗೆ, ಆ ಮಿಡಿತದ ಪಕ್ಕದಲ್ಲೇ ಇರಲಿ. ಅದು ಸತ್ತರೆ ಮಿಡಿತವೂ ನಿಲ್ಲಲಿ, ಕ್ಲಚ್ ಬಿಟ್ಟುಕೊಂಡು ಪ್ರೆಸ್ ನಿಲ್ಲಲಿ. ಮಾಲೀಕರು ಬೈದುಕೊಳ್ಳಲಿ. ಸೆನ್ಸರಿನಿಂದ ಕ್ಲಚ್ಚಿಗೆ ಬೇರೆಯದೇ ತಂತಿ ಬೇಕೆಂದೂ ಕೇಳಿದೆ. ಮುಂದಿನ ಮಾಡೆಲ್‌ಗೆ ನೋಡೋಣ ಎಂದರು ಮೇಲಿನವರು. ಜಿಗಣಿಯ ಕಂಟ್ರೋಲರನ್ನು ಅವತ್ತೇ ಬಿಚ್ಚಿಸಿ ತಂದೆ. ಸೋಮವಾರ ಒಪ್ಪಿಗೆ ಸಿಕ್ಕರೆ ಇಂಥವೇ ಪೀಣ್ಯದ ವರ್ಕ್‌ಶಾಪುಗಳ ತುಂಬ ಹೋಗುತ್ತವೆ.

ಗುರುವಾರದ ಸಭೆಯಲ್ಲಿ ಇಷ್ಟನ್ನು ಹೇಳಲು ಹೊರಟಾಗ ನಮ್ಮ ಮ್ಯಾನೇಜರ್ ಸಿದ್ದರಾಜು ಅಂದದ್ದು ನೆನಪಿದೆಯಲ್ಲ: "ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ ಕಣ್ರೀ, ನಾವ್ಯಾಕೆ ಮಧ್ಯೆ ಬಾಯಿ ಹಾಕೋದು?" ನನ್ನ ಹಿಂದೆ ಯಾರೋ, "ಈಗ ಉಂಡು ಮಲಗೋ ಹಾಗೂ ಇಲ್ವಲ್ಲ ಗುರು," ಎಂದು ಪಿಸುಗುಟ್ಟಿದರು. ನೀವು ನಗಲಿಲ್ಲ, ಗಮನಿಸಿದೆ. ಆದರೆ ಮುಂದಿನ ವಿಷಯಕ್ಕೆ ಹೋದಿರಿ.

ನಾನು ವಿರೋಧಿಸುತ್ತಿರುವುದು ತೀರ್ಮಾನವನ್ನೋ, ಅದನ್ನು ಮಾಡಿದವರನ್ನೋ ಎಂದು ಎರಡು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನಿಮ್ಮ ಮೇಲೆ ಸಿಟ್ಟಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ಕೈಗವಸಿಗೂ ನನ್ನ ಸಿಟ್ಟಿಗೂ ಸಂಬಂಧವಿಲ್ಲ.

ಸೋಮವಾರ ನೀವೇ ಹೇಳಿಬಿಡಿ. ನಿಮಗೇ ಹೊಳೆಯಿತೆಂದು ಹೇಳಿ. ನಾನು ತಲೆತಗ್ಗಿಸಿ ಟಿಪ್ಪಣಿ ಬರೆದುಕೊಳ್ಳುತ್ತೇನೆ, ಒಂದು ಮಾತೂ ಸೇರಿಸುವುದಿಲ್ಲ. ನಿಮ್ಮ ಬಾಯಿಂದ ಬಂದರೆ ಅದು ಎಂಜಿನಿಯರಿಂಗ್. ನನ್ನ ಬಾಯಿಂದ ಬಂದರೆ ಸಂಸಾರ. ಇದನ್ನು ತಿದ್ದುವಷ್ಟು ಶಕ್ತಿ ಈಗ ನನ್ನಲ್ಲಿಲ್ಲ.

ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ಇಂತಿ,
ಶಶಿಕಲಾ

ಮರೆತಿದ್ದು: ಕವರ್ ಅಂಟಿಸುವ ಮೊದಲು ಮತ್ತೊಮ್ಮೆ ಓದಿದೆ. ತಲೆತಗ್ಗಿಸಿ ಕೂರುತ್ತೇನೆಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನೀವು ಹೇಳದಿದ್ದರೆ ನಾನೇ ಹೇಳುವವಳು, ಇಡೀ ವಾಕ್ಯ. ನಿಮ್ಮ ವಕೀಲರು ಕಳಿಸಿದ್ದ ವಿಚ್ಛೇದನದ ಅರ್ಜಿಯೂ ಇದರೊಳಗಿದೆ. ಓದಲು ಪುರುಸೊತ್ತಾಗಿಲ್ಲ ಎನ್ನುತ್ತಾ ಬಂದೆ. ಬಂದ ದಿನವೇ ಓದಿದ್ದೆ. ಇವತ್ತು ಸಹಿ ಹಾಕಿದ್ದೇನೆ. ಸಿದ್ದರಾಜು ಮತ್ತೆ ಗಂಡ ಹೆಂಡತಿ ಎಂದು ಶುರುಮಾಡಿದರೆ, ಈ ಸಹಿಯ ವಿಷಯವನ್ನು ದಯವಿಟ್ಟು ನೀವೇ ಅವರಿಗೆ ತಿಳಿಸಿ. ಆಮೇಲೆ ಆ ಕೋಣೆಯಲ್ಲಿ ಮಾತಾಡಲು ಡ್ರೈವರ್ ಒಂದೇ ಉಳಿಯುತ್ತದೆ.