ನನ್ನೊಬ್ಬಳ ಹೆಸರಿನ ಖಾತೆ

ಅಕ್ಟೋಬರ್ ೧೪, ಮಂಗಳವಾರ

ಮದುವೆಯಾದ ಮೇಲೆ ಮೊದಲ ಬಾರಿಗೆ ಇವತ್ತು ನನ್ನೊಬ್ಬಳ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದೆ. ಇವರಿಗೆ ಗೊತ್ತಾದರೆ ಎಂಬ ಭಯ ಈಗಲೂ ಹೋಗಿಲ್ಲ.

ಇಲ್ಲೇ ಪಕ್ಕದ ಊರು ಫ್ರೀಮಾಂಟಿನ ಗೆಳತಿ ನಿಸರ್ಗಾ ಜೊತೆಗೆ ಬಂದಿದ್ದಳು. “ಈ ದೊಡ್ಡ ಬ್ಯಾಂಕಲ್ಲಿ ಬಡ್ಡಿ ಅನ್ನೋದೇ ಇಲ್ಲ ಕಣೇ, ಬ್ಯಾಲೆನ್ಸ್ ಕಮ್ಮಿಯಾದ್ರೆ ಫೀಸು ಬೇರೆ. ಆನ್‌ಲೈನ್ ಬ್ಯಾಂಕಲ್ಲಿ ಮಾಡು,” ಎಂದಳು.

“ಅದಕ್ಕೆ ಫೋನಲ್ಲಿ ಆ್ಯಪ್ ಬೇಕಲ್ಲ. ನನ್ನ ಫೋನು ದಿನಾ ನಮ್ಮನೆಯವರು ನೋಡ್ತಾರೆ,” ಎಂದೆ.

ಅವಳು ದೊಡ್ಡ ಬ್ಯಾಂಕಿನ ಅರ್ಜಿಯನ್ನೇ ಮುಂದಕ್ಕೆ ಎಳೆದುಕೊಂಡಳು. ಕಾರ್ಡು, ಕಾಗದ ಎಲ್ಲ ತನ್ನ ವಿಳಾಸಕ್ಕೇ ಬರಲಿ ಎಂದು ಬರೆಸಿದಳು.

ಊಟಕ್ಕೆ ಕುಳಿತಾಗ ಇವರು, “ಮಧ್ಯಾಹ್ನ ಎಲ್ಲಿಗೆ ಹೋಗಿದ್ದೆ?” ಎಂದರು. ತರಕಾರಿಗೆ ಎಂದೆ. ತಟ್ಟೆ ಬಿಟ್ಟು ಎದ್ದು ಹೋಗಿ ಫ್ರಿಜ್ ತೆರೆದು ನೋಡಿದರು. ಬದನೆಕಾಯಿ ಇತ್ತು. ಆದರೂ ಬಾಗಿಲು ಮುಚ್ಚದೆ ಬಹಳ ಹೊತ್ತು ಅಲ್ಲೇ ನಿಂತಿದ್ದರು.